ಹಿಗ್ಗದ ಉಕ್ಕು

ನಾನು ಬಡಗಿ, ನನ್ನ ಮಾವ ನಲವತ್ತು ವರ್ಷ ಲೋಹದ ಜೊತೆ ಗುದ್ದಾಡಿದ ಫಿಟ್ಟರ್. ಹೊರಗೆ ಲೋಹದ ಮೈ, ಒಳಗೆ ಗಟ್ಟಿಮರ ತುಂಬಿದ, ಹಲಗೆ ಹೆರೆದು ನಯ ಮಾಡುವ ಉಜ್ಜುಗೊರಡೊಂದನ್ನು ಕೈಯಾರೆ ಮಾಡಬೇಕೆಂಬ ಹುಚ್ಚು ನನಗೆ ಹತ್ತಿತ್ತು. ಇಡೀ ಮೈ ಹಿತ್ತಾಳೆಯದೇ ಆಗಬೇಕೆಂದು ಹಟ ಹಿಡಿದೆ. ಥಳಥಳ ಹೊಳೆಯಬೇಡವೇ!

ಮಾವ ಹಿತ್ತಾಳೆ ತುಂಡೊಂದನ್ನು ನನ್ನ ಬಿಳಿ ಹಲಗೆಯ ಮೇಲೆ ಒತ್ತಿ ಎಳೆದರು. ಕಪ್ಪು ಗೆರೆ ಬಿತ್ತು.

"ಹಲಗೆಗೆಲ್ಲ ಕಾಡಿಗೆ ಹಚ್ಚೋ ಆಸೆನಾ ಅಳಿಯಂದ್ರೇ? ತಳ ಉಕ್ಕಿಂದೇ ಇರ್ಲಿ. ಪಕ್ಕಗಳಿಗೆ ಹಿತ್ತಾಳೆ ಹಾಕಿ. ಬಡಿದ್ರೆ ಹಿಗ್ಗಿ ಸಂದು ತುಂಬುತ್ತೆ. ಉಕ್ಕು ಅಷ್ಟು ಸುಲಭಕ್ಕೆ ಹಿಗ್ಗಲ್ಲ."

"ನಿನ್ ಹಾಗೇ ಅಪ್ಪ," ಎಂದಳು ನನ್ನ ಹೆಂಡತಿ.

ನಾನು ನಗು ನುಂಗಿಕೊಂಡೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ನನ್ನ ಕೆಲಸ ನೋಡಿ ಈ ಮನುಷ್ಯನ ಬಾಯಿಂದ ಒಂದು 'ಹೂಂ' ಬಿಟ್ಟು ಬೇರೇನೂ ಬಂದದ್ದಿಲ್ಲ.

ತಿಂಗಳಿಡೀ ಇಬ್ಬರೂ ಬಡಿದೆವು, ಅರ ಹಾಕಿ ಉಜ್ಜಿದೆವು, ಜಗಳವಾಡಿದೆವು. ಕೊನೆಗೆ ಪಕ್ಕದ ಹಿತ್ತಾಳೆ, ತಳದ ಉಕ್ಕಿನ ಅಂಚಿನಲ್ಲಿ ಕೊರೆದ ಹಲ್ಲುಗಳ ನಡುವೆ ಕೂದಲೆಳೆಯಷ್ಟೂ ಸಂದು ಬಿಡದೆ ಕೂತಿತು. ಉಜ್ಜುಗೊರಡನ್ನು ಮೊದಲ ಸಲ ಹಲಗೆಯ ಮೇಲೆ ತಳ್ಳಿದಾಗ ಸರ್ರನೆ ಎದ್ದ ಮರದ ಸುರುಳಿ ಈರುಳ್ಳಿ ಸಿಪ್ಪೆಗಿಂತ ತೆಳುವಾಗಿತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಭೇಷ್!" ಎಂದವರೇ ಮುಖ ತಿರುಗಿಸಿ ಕನ್ನಡಕ ಒರೆಸತೊಡಗಿದರು.

ನಾನು ಬಿಡುತ್ತೇನೆಯೇ? "ಉಕ್ಕು ಹಿಗ್ಗಲ್ಲ ಅಂದ್ರಲ್ಲ ಮಾವ?"

"ಹಿಗ್ಗದಿದ್ರೇನು," ಹೆಂಡತಿ ಅಪ್ಪನ ಒದ್ದೆ ಕೆನ್ನೆ ಒರೆಸುತ್ತಾ ಅಂದಳು, "ಉಕ್ಕುತ್ತಲ್ಲ!"