ಭಟ್ಟಿಗಿಂತ ಮುಂಚಿನ ವಿಭೂತಿ

ಕುರುಡು ಆಕಳಿಗೆ ನೀರು ಕುಡಿಸಿ ಒಳಗೆ ಬಂದ ರಾಚಪ್ಪ ಹೆಂಡತಿಯ ಮೂಗಿನ ಮುಂದೆ ಬೆರಳು ಹಿಡಿದ. ಉಸಿರಿರಲಿಲ್ಲ. ರಾತ್ರಿ ಮೈ ಭಾರವೆಂದು ಮಲಗಿದ್ದ ಗುರುಲಿಂಗವ್ವ ಬೆಳಗಾಗುವುದರೊಳಗೆ ಲಿಂಗೈಕ್ಯಳಾಗಿದ್ದಳು. ಪಕ್ಕದ ಮನೆಯ ಗೌಸಸಾಬನಿಗೆ ಹೇಳಿ ಬಂದು ಹೊಸ್ತಿಲಲ್ಲಿ ಕುಳಿತ.

ಹೊತ್ತು ಏರುವಾಗ ಮಂದಿ ಸೇರಿತು. ಗೌಸಸಾಬ ಹೊಲದಲ್ಲಿ ಸಮಾಧಿಯ ಕುಣಿ ತೋಡಿಸಿ ಬಂದ. ಮಠದ ಅಯ್ಯನವರು ಪತ್ರಿ, ಹೂವು ನೋಡಿ ವಿಭೂತಿ ಕೇಳಿದರು. ಊರಿಗೆಲ್ಲ ವಿಭೂತಿ ಕಟ್ಟಿಕೊಟ್ಟವಳ ಮನೆಯಲ್ಲಿ ಕೈಗೆ ಸಿಗುವಂತೆ ಒಂದು ಗಟ್ಟಿಯೂ ಇರಲಿಲ್ಲ. ಇಳಕಲ್ಲ ಪೇಟೆಯಿಂದ ತರಿಸೋಣವೇ ಎಂದು ಅವರೇ ಕೇಳಿದರು.

"ಬ್ಯಾಡ್ರಿ ಅಜ್ಜಾರ. ಅಕಿ ಕೈಯಾಗ ಆದದ್ದನ್ನ ಅಕಿ ಹಣಿಗೆ ಹಚ್ಚಬೇಕು," ಎಂದ ರಾಚಪ್ಪ.

ದೇವರ ಗೂಡಿನಲ್ಲಿ ಎರಡು ಗಂಟು ಸಿಕ್ಕವು. ಒಂದು ಊರಿಗೆ ಸೀಸದ ಭಟ್ಟಿ ಬರುವ ಮುಂಚಿನದು, ಇನ್ನೊಂದು ಆಮೇಲಿನದು. ಎರಡನ್ನೂ ಬಿಚ್ಚಿದ. ಎರಡೂ ಹಾಲಿನಂತೆ ಬೆಳ್ಳಗಿದ್ದವು. ಯಾವುದು ಯಾವುದೆಂದು ಬಲ್ಲವಳು ಗೋಡೆಗೆ ಒರಗಿ ಕುಳಿತಿದ್ದಳು, ಕೊರಳಲ್ಲಿ ಹೂಮಾಲೆ ಹಾಕಿಸಿಕೊಂಡು.

* * *

ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಅರಿವೆಯಲ್ಲಿ ಸೋಸಿ ಗಟ್ಟಿ ಕಟ್ಟುವುದು ಅವಳು ತವರಿನಿಂದ ತಂದ ಕೆಲಸ. ಕೂಡಲಸಂಗಮಕ್ಕೆ ನಡೆದು ಹೋಗುವವರು ಅವಳ ಬಾಗಿಲಲ್ಲಿ ನಿಂತು ಒಯ್ಯುತ್ತಿದ್ದರು.

ರಾಜ್ಯ ಒಂದಾದ ವರ್ಷ ಯಾರೋ ಪರವೂರಿನವರು ಹಳ್ಳದ ದಂಡೆಗೆ ಸೀಸದ ಭಟ್ಟಿ ಹಾಕಿದರು. ಲಾರಿಯ ಹಳೆಯ ಬ್ಯಾಟರಿ ಒಡೆದು ಕರಗಿಸುತ್ತಿದ್ದರು. ಹೊಗೆ ಹುಲ್ಲಿನ ಮೇಲೆ ಕೂತಿತು. ಅದನ್ನು ಮೇಯ್ದ ದನಗಳು ಹಲ್ಲು ಕಡಿಯುತ್ತ ಗೋಡೆಗೆ ಹಣೆಯೊತ್ತಿ ನಿಂತವು, ಕಣ್ಣು ಕಳೆದುಕೊಂಡವು, ಒಂದೊಂದಾಗಿ ಬಿದ್ದವು. ಮಂದಿ ದೃಷ್ಟಿ ಎಂದರು. ಹುನಗುಂದದಿಂದ ಬಂದ ದನದ ಡಾಕ್ಟರು ಸೀಸದ ವಿಷ ಎಂದರು. ಹುಲ್ಲಿನ ವಿಷ ಸಗಣಿಗೂ ಬಂದೀತೆಂದು ಅಂದೇ ಗುರುಲಿಂಗವ್ವ ಬೂದಿಯ ಗಡಿಗೆ ಬೋರಲು ಹಾಕಿದಳು.

"ಬೆಂಕ್ಯಾಗ ಬಿದ್ದದ್ದೆಲ್ಲಾ ಶುದ್ಧ ಆಗ್ತದ," ಎಂದಿದ್ದ ರಾಚಪ್ಪ.

"ಆ ಸೀಸಾನೂ ಬೆಂಕ್ಯಾಗಿಂದನ ಬಂದದ್ದಲ್ರಿ? ಮಂದಿ ಕೂಸಿನ ಹಣಿಗೆ ಅದನ್ನ ಹೆಂಗ ಹಚ್ಚಲಿ?"

ಆದರೂ ಕೊನೆಯ ಸಲ ಕಟ್ಟಿದ್ದನ್ನು ತಿಪ್ಪೆಗೆ ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಎಷ್ಟಾದರೂ ವಿಭೂತಿ. ಬೇರೆ ಅರಿವೆಯಲ್ಲಿ, ತಾನಷ್ಟೇ ಗುರುತು ಬಲ್ಲಂತೆ ಗಂಟು ಹಾಕಿ ಇಟ್ಟಳು.

* * *

"ಎರಡೂ ಗಂಟು ಕೂಡೇ ಬಿಚ್ಚಿದಿ. ಗುರುಲಿಂಗಕ್ಕ ಇದ್ದಿದ್ರ ನಿನಗ ಇವತ್ತು ಅಂಬಲಿನೂ ಹಾಕ್ತಿದ್ದಿಲ್ಲ, ರಾಚಣ್ಣ," ಎಂದ ಗೌಸಸಾಬ. ರಾಚಪ್ಪ ನಗಲು ಹೋಗಿ ಕಣ್ಣೊರೆಸಿಕೊಂಡ.

ಆಗ ಅದೇ ಓಣಿಯ ಇನ್ನೊಂದು ಮನೆಯ ಸೊಸೆ ಹುಚ್ಚವ್ವ ತನ್ನ ಮನೆಗೆ ಹೋಗಿ ಬಂದಳು. ಸೆರಗಿನ ತುದಿಯಲ್ಲಿ ಏನನ್ನೋ ಹಿಡಿದಿದ್ದಳು.

"ಇದನ್ನ ತಗೋರಿ ಮಾವ. ನಾ ಈ ಊರಿಗೆ ಸೊಸಿಯಾಗಿ ನಡೀಲಿಕ್ಕೆ ಬಂದಾಗ ಗುರುಲಿಂಗತ್ತಿ ನನ್ನ ಉಡ್ಯಾಗ ಹಾಕಿದ್ದು. ಆಗ ಭಟ್ಟಿ ಎಲ್ಲಿತ್ರಿ?"

ಆ ವಿಭೂತಿಯ ಗಟ್ಟಿ ಸವೆದು ಅಂಗೈಯಷ್ಟು ಅಗಲದ ಬಿಲ್ಲೆಯಾಗಿತ್ತು. ದಿನವೂ ಹಚ್ಚಿಕೊಂಡ ಬೆರಳುಗಳು ಅದರಲ್ಲಿ ಮೂರು ಕುಳಿ ಬೀಳಿಸಿದ್ದವು. ರಾಚಪ್ಪ ತನ್ನ ಮೂರು ಬೆರಳನ್ನು ಆ ಕುಳಿಗಳಲ್ಲಿ ಇಟ್ಟು ತಿಕ್ಕಿ, ಹೆಂಡತಿಯ ಹಣೆಯ ಮೇಲೆ ಸಾವಕಾಶ ಎಳೆದ. ಉಳಿದ ತುಣುಕನ್ನು ಅಯ್ಯನವರು ಕುಣಿಯಲ್ಲಿ ಕುಳ್ಳಿರಿಸಿದ ಅವಳ ತೊಡೆಯ ಮೇಲಿಟ್ಟರು. ಎರಡು ಗಂಟುಗಳನ್ನು ಗೌಸಸಾಬ ದೂರದಲ್ಲಿ, ದನ ಮೇಯದ ಕಡೆ, ಆಳಕ್ಕೆ ಹೂತು ಬಂದ.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಹಳ್ಳದ ಕಡೆಯಿಂದ ಹೊಗೆ ಎಂದಿನಂತೆ ಹೊಲದ ಮೇಲೆ ಬಾಗಿ ಬರುತ್ತಿತ್ತು. ಬಿಳಿ ಹತ್ತಿದ ಬೆರಳುಗಳನ್ನು ಒರೆಸಿಕೊಳ್ಳದೆ ರಾಚಪ್ಪ ಕೈ ಜೋಡಿಸಿದ.

"ಸಂಗಮನಾಥಾ, ಅಕಿ ದಣದಾಳ. ಈ ಹೊಗಿ ಮುಟ್ಟದ ಕಡೆ, ನಿನ್ನ ನೆಳ್ಳಾಗ ಕುಂಡ್ರಿಸಿಕೋ. ಅಕಿಗಿಂತ ಮುಂದ ಹ್ವಾದ ಆಕಳ ಅಲ್ಲಿದ್ರ, ಅವಕ್ಕ ಕಣ್ಣು ಕೊಡು. ಬಂದಾಕಿನ ಗುರ್ತು ಹಿಡೀಲಿ. ಅಕಿ ಜೀವಕ್ಕ ಶಾಂತಿ ಕೊಡಪ್ಪಾ."