ಎಲ್ಲಾ ಹೋಯ್ತು

೧

ಈ ಕಥೆಯನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯುತ್ತಿಲ್ಲ. ‘ಕವನ ಸಂಕಲನಗಳಿಗೆ ಭಾರಿ ಬೇಡಿಕೆ: ಸಮೀಕ್ಷೆ’ ಎಂಬ ಪತ್ರಿಕೆಯ ತಲೆಬರಹದಿಂದ ಶುರುಮಾಡಿದರೆ ಓದುಗರು ಹಾಸ್ಯ ಲೇಖನ ಅಂದುಕೊಂಡಾರು. (ಕವಿಗಳು ಮಾತ್ರ ನಂಬುತ್ತಾರೆ. ಭಯವಿರುವುದು ಅಲ್ಲೇ.)

೨

ಆ ಆರಂಭವನ್ನು ಹೊಡೆದು ಹಾಕಿದೆ. ಹೀಗಾಗಲಿ: ಸಮೀಕ್ಷೆ ಕಂಪನಿಯಲ್ಲಿ ಕೂತು ಪುಸ್ತಕದಂಗಡಿಗಳಿಗೆ ಫೋನ್ ಮಾಡುವುದೇ ಕೆಲಸವಾದ ತಂಗಿಯೊಬ್ಬಳು ಆ ತಲೆಬರಹ ನೋಡಿ ಬೆವೆತಳು. ಅದು ಹುಟ್ಟಿದ್ದು ಅವಳ ಕಿವಿಯಲ್ಲೇ. “ಕವಿತೆ ಪುಸ್ತಕ ಎಷ್ಟು ಹೋಯ್ತು ಸಾರ್?” ಎಂದು ಕೇಳಿದ್ದಳು. ದೊಡ್ಡ ಅಂಗಡಿಯವನು “ಎಲ್ಲಾ ಹೋಯ್ತಮ್ಮ” ಎಂದಿದ್ದ. ಅವಳು ಕಂಪ್ಯೂಟರಿನಲ್ಲಿ ‘ಪೂರ್ತಿ ಮಾರಾಟ’ ಎಂದು ಒತ್ತಿದ್ದಳು. ಉಳಿದ ಅಂಗಡಿಯವರು ಫೋನೇ ಎತ್ತಿರಲಿಲ್ಲ. ಎತ್ತಿದವನ ಮಾತೇ ಸಮೀಕ್ಷೆ.

ಯಾಕೋ ಅಳುಕಾಗಿ ಇವತ್ತು ಅವನಿಗೇ ಮತ್ತೆ ಫೋನ್ ಮಾಡಿದಳು.

“ಮಾರಾಟ ಎಲ್ಲಿ ಬಂತಮ್ಮ? ಗೋಡೌನಲ್ಲಿ ಪೈಪ್ ಒಡೆದು ನೀರು ನುಗ್ತು. ಕವಿತೆ ನೆಲದ ಮೇಲಿತ್ತು. ಅಡುಗೆ ಪುಸ್ತಕ ಮೇಲಿತ್ತು, ಬಚಾವಾಯ್ತು.”

೩

(ತಪ್ಪು ಯಾರಿಂದಾಗದು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅವಳಿಗೊಬ್ಬ ಅಕ್ಕನನ್ನು ಕೊಟ್ಟುಬಿಟ್ಟಿದ್ದೇನೆ.) ಅಕ್ಕ ಶಾಲೆಯಲ್ಲಿ ಟೀಚರ್, ಕದ್ದುಮುಚ್ಚಿ ಕವಿ. ಬೆಳಿಗ್ಗೆಯೇ ಮೆಸೇಜು: ‘ಪೇಪರ್ ನೋಡಿದ್ಯೇನೇ? ಇವತ್ತೇ ರಾಜೀನಾಮೆ ಕೊಡ್ತೀನಿ. ಇನ್ನು ಬರೀ ಬರವಣಿಗೆ.’

“ಇದನ್ನ ಹೊಡೆದು ಹಾಕಿ,” ತಂಗಿ ಕಥೆ ಬರೆಯುತ್ತಿದ್ದ ನನ್ನನ್ನೇ ಬೇಡಿದಳು. “ಮನೆ ನಿಂತಿರೋದೇ ಅಕ್ಕನ ಸಂಬಳದ ಮೇಲೆ.”

“ಅವಳಿಗೆ ನಿಜ ಹೇಳು.”

“ಹೇಳಿದ್ರೆ ಸುದ್ದಿ ಹಬ್ಬಿ ನನ್ನ ಕೆಲಸ ಹೋಗುತ್ತೆ. ಹೇಳದಿದ್ರೆ ಅವಳದ್ದು. ನಿಮಗೇನು, ಕೂತಲ್ಲೇ ಕಥೆ ಕಟ್ತೀರಿ. ನಿಮ್ಮ ಪುಸ್ತಕ ಎಷ್ಟು ಹೋಯ್ತು ಅಂತ ಯಾವತ್ತಾದ್ರೂ ಕೇಳಿದೀರಾ?”

ಕೇಳಿಲ್ಲ. ಹೆದರಿಕೆ.

೪

ಮುಕ್ತಾಯ ಒಂದು: ಅಕ್ಕನ ಸಂಕಲನ ಬಂದು ಬಿಸಿಬಿಸಿಯಾಗಿ ಖರ್ಚಾಗುತ್ತದೆ. (ಬರೆಯುವಾಗ ನನಗೇ ನಗು ಬಂತು.)

ಮುಕ್ತಾಯ ಎರಡು: ಇವತ್ತು ಹೆಡ್‌ಮಾಸ್ಟರ್ ರಜೆ, ರಾಜೀನಾಮೆ ತೆಗೆದುಕೊಳ್ಳುವವರೇ ಇಲ್ಲ. (ಸೋಮಾರಿ ಕಥೆಗಾರರಿಗೆ ಪರರ ರಜೆಯೇ ದೇವರು.)

ಮೂರು: ತಂಗಿ ಆಫೀಸಿನ ಮೆಟ್ಟಿಲ ಬಳಿ ಹೋಗಿ ಅಕ್ಕನಿಗೆ ಫೋನ್ ಮಾಡುತ್ತಾಳೆ. ರಿಂಗಾಗುತ್ತಲೇ ಇದೆ. ಕೊನೆಗೂ ಅಕ್ಕ ಎತ್ತುತ್ತಾಳೆ.

“ಅಕ್ಕಾ, ಆ ಸಮೀಕ್ಷೆ ಸುಳ್ಳು ಕಣಕ್ಕಾ. ತಪ್ಪು ನಂದೇ. ನಿನ್ನ ರಾಜೀನಾಮೆ ಪತ್ರ ಎಲ್ಲಿ?”

ಆ ಕಡೆಯಿಂದ:

“ಅದಾ? ಹೋಯ್ತು.”

ಹೆಡ್‌ಮಾಸ್ಟರ್ ಕೈಗೆ ಹೋಯಿತೋ, ಹರಿದು ಹೋಯಿತೋ? ಕೇಳಲೆಂದು ತಂಗಿ ಬಾಯಿ ತೆರೆದಳು. ಅವಳ ಕೈಯಿಂದ ಫೋನ್ ಕಸಿದುಕೊಂಡದ್ದು ನಾನೇ; ಉತ್ತರ ಕೇಳಿಸಿಕೊಳ್ಳುವ ಎದೆ ನನಗಿಲ್ಲ. ಲೈನ್ ಇನ್ನೂ ಇದೆ, ತಗೊಳ್ಳಿ, ನೀವೇ ಕೇಳಿ.

‘ಹೋಯ್ತಾ’ ಅಂತ ಮಾತ್ರ ಕೇಳಬೇಡಿ.