ಏಣಿಯ ಕೊನೆಯ ಮೆಟ್ಟಿಲು

ಡ್ರೋನು ಹಾರಿಸಲು ಕಲಿಯುತ್ತೇನೆಂದು ಹೆಸರು ಕೊಟ್ಟವರಲ್ಲಿ ನಾನೇ ಹಿರಿಯ, ನಾನೇ ಪುಕ್ಕಲ. ರಿಮೋಟ್ ಹಿಡಿದ ಮೊದಲ ದಿನ ಕಲಿಸುವ ಮೇಡಂ, "ಮೆಲ್ಲಗೆ ತಳ್ಳಿ ಸರ್, ಅದೇನು ಕಚ್ಚಲ್ಲ" ಎಂದರು. ತಳ್ಳಿದೆ. ಅದು ಗೋದಾಮಿನ ಗೋಡೆಗೆ ಮುತ್ತಿಟ್ಟು ಬಿತ್ತು. ಅದರ ಮೂತಿ ನಮ್ಮತ್ತ ತಿರುಗಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಇಷ್ಟು ತಲೆಗೆ ಹೋಗಲು ನನಗೆ ವಾರ ಹಿಡಿಯಿತು. ಮಂಗನ ಕೈಗೆ ಮಾಣಿಕ್ಯ ಕೊಟ್ಟರು ಎಂದು ಜೊತೆಯವರು ನಕ್ಕರು. ನಗಲಿ. ನನಗೆ ಬೇಕಿದ್ದದ್ದು ಒಂದೇ: ನಮ್ಮ ಕಾರ್ಖಾನೆಯ ಚಿಮಣಿಗೆ ಹಾಕಿದ ಏಣಿಯ ಕೊನೆಯ ಮೆಟ್ಟಿಲನ್ನು ನೋಡುವುದು.

ವರ್ಷಕ್ಕೊಮ್ಮೆ ಆ ಏಣಿ ಹತ್ತಿ ಪರೀಕ್ಷಿಸುವುದು ನನ್ನ ಕೆಲಸ. ನಾಲ್ಕು ವರ್ಷದಿಂದ ನಾನು ಹತ್ತಿಲ್ಲ. ಹತ್ತು ಮೆಟ್ಟಿಲೇರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಕೆಳಗೇ ನಿಂತು ದುರ್ಬೀನಿನಲ್ಲಿ ನೋಡಿ, ಸುಸ್ಥಿತಿಯಲ್ಲಿದೆ ಎಂದು ಬರೆದು ಸಹಿ ಹಾಕುತ್ತಿದ್ದೆ. ಆರು ತಿಂಗಳ ಹಿಂದೆ ಬಣ್ಣ ಬಳಿಯಲು ಹತ್ತಿದ ನನ್ನ ತಂಗಿಯ ಗಂಡ ತುದಿಯಿಂದ ಬಿದ್ದು ಸತ್ತ. ವಿಚಾರಣೆಗೆ ಬಂದವರೂ ಕೆಳಗಿನಿಂದ ಕತ್ತೆತ್ತಿ ನೋಡಿ, ನನ್ನ ಸಹಿ ನೋಡಿ, ಕಾಲು ಜಾರಿದೆ ಎಂದು ಬರೆದು ಹೋದರು. ಇನ್ನು ಮೇಲೆ ಯಾರೂ ಹತ್ತುವುದು ಬೇಡ, ಡ್ರೋನು ಸಾಕು ಎಂದು ಕಾರ್ಖಾನೆಯವರು ತೀರ್ಮಾನಿಸಿದರು.

ತಂಗಿ ಈಗ ನಮ್ಮ ಮನೆಯಲ್ಲಿದ್ದಾಳೆ. ಅಳುವುದಿಲ್ಲ, ಸತ್ತವನನ್ನು ಬೈಯುತ್ತಾಳೆ. ಪಾತ್ರೆ ತೊಳೆಯುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. "ಅಣ್ಣನೇ ನೋಡಿ ಸರಿಯಿದೆ ಅಂದ ಏಣಿ. ಇವರಿಗೆ ಎಲ್ಲದಕ್ಕೂ ಅವಸರ. ನೋಡ್ಕೊಂಡು ಕಾಲಿಡೋಕೆ ಏನಾಗಿತ್ತು?"

ನಾನು ಹೂಂ ಅನ್ನುತ್ತಿದ್ದೆ. ಅಂದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಅವನು ನಿಜವಾಗಿಯೂ ಜಾರಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಎಂಥ ಬೇಡಿಕೆ ನೋಡಿ.

ತರಬೇತಿಯ ಕೊನೆಯ ಪರೀಕ್ಷೆಗೆ ಆ ಚಿಮಣಿಯನ್ನೇ ಕೊಟ್ಟರು. ಬೆವೆತ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ರಿಮೋಟ್ ಹಿಡಿದೆ. ಡ್ರೋನು ಏಣಿಯ ಪಕ್ಕದಲ್ಲೇ ತೂರಾಡುತ್ತ ಏರಿತು. ತುದಿಗೆ ತಲುಪಿದ ಮೇಲೆ ಹೇಗೋ ನಿಲ್ಲಿಸಿ ಪರದೆ ನೋಡಿದೆ. ಕೊನೆಯ ಮೆಟ್ಟಿಲಿನ ಒಂದು ಬುಡ ತುಕ್ಕು ತಿಂದು ಗೋಡೆಯಿಂದ ಕಿತ್ತುಬಂದಿತ್ತು. ಕೆಳಗಿನಿಂದ ಯಾವ ದುರ್ಬೀನಿಗೂ ಅದು ಕಾಣುವಂತಿರಲಿಲ್ಲ.

"ಇದು ಈಚೆಗೆ ಆದದ್ದಿರಬಹುದಾ ಮೇಡಂ?"

"ಎಲ್ಲಿಂದ ಸರ್? ಇದು ವರ್ಷಗಟ್ಟಲೆಯ ತುಕ್ಕು. ಹತ್ತಿರ ಹೋದವರ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ." ಅವರು ನನ್ನ ಕೈ ಕುಲುಕಿದರು. "ಫೋಟೋ ಚೆನ್ನಾಗಿ ಬಂದಿದೆ. ಪಾಸಾದ್ರಿ."

ಸಂಜೆ ನನ್ನ ಫೋನಿನಲ್ಲಿ ಆ ಫೋಟೋ ತೆರೆದು ತಂಗಿಯ ಕೈಗೆ ಕೊಟ್ಟೆ. "ನಿನ್ನ ಗಂಡ ಜಾರಲಿಲ್ಲ ಕಣಮ್ಮ. ಮೆಟ್ಟಿಲೇ ಕಿತ್ತುಬಂತು. ನಾನು ಹತ್ತಿ ನೋಡೇ ಇರ್ಲಿಲ್ಲ, ಸುಮ್ನೆ ಸಹಿ ಹಾಕ್ತಿದ್ದೆ."

ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ತಯಾರಾಗಿದ್ದೆ. ಅವಳು ನನ್ನತ್ತ ನೋಡಲೂ ಇಲ್ಲ. ಫೋನು ಹಿಡಿದುಕೊಂಡೇ ನೆಲಕ್ಕೆ ಕುಸಿದು ಕುಳಿತಳು.

"ಅಯ್ಯೋ, ಇಷ್ಟು ದಿನ ಅವರನ್ನ ಬೈದೆನಲ್ಲೋ ಅಣ್ಣಾ," ಎಂದಳು. "ಅದನ್ನೆಲ್ಲ ಈಗ ಹೇಗೆ ವಾಪಸ್ ತಗೊಳ್ಳಲಿ?"